ಗುಂಡು ಖಾಲಿಯಾದರೇ ದೆವ್ವಕ್ಕೆ ಮರ್ಯಾದೆ

ಯುದ್ಧದ ವಿಡಿಯೋ ಗೇಮಿನಲ್ಲಿ ದೆವ್ವ ಯಾಕೆ ಬೇಕು ಅಂತ ಮೊನ್ನೆ ಒಬ್ಬ ಗೆಳೆಯ ಕೇಳಿದ. ಅವನು ಪಕ್ಕಾ ಮಿಲಿಟರಿ ಆಟಗಳ ಆಸಾಮಿ. ಯಾವ ರೈಫಲ್ಲಿಗೆ ಎಷ್ಟು ಗುಂಡು, ಯಾವ ಟ್ಯಾಂಕು ಯಾವ ದೇಶದ್ದು, ಎಲ್ಲಾ ಬಾಯಿಪಾಠ. ನಾಜಿಗಳ ಮಧ್ಯೆ ಹೆಣಗಳು ಎದ್ದು ಓಡಾಡಿದರೆ ಅವನಿಗೆ ಅದು ಮಕ್ಕಳಾಟ. ನಾನು ಒಪ್ಪುವುದಿಲ್ಲ. ಆದರೆ ಅವನ ಮಾತಲ್ಲಿ ಅರ್ಧ ನಿಜ ಇದೆ.

ನಾವು ಜಗಳ ಆಡಿದ್ದು ‘ರಿಟರ್ನ್ ಟು ಕ್ಯಾಸಲ್ ವುಲ್ಫೆನ್‌ಸ್ಟೈನ್’ ಬಗ್ಗೆ. 2001ರ ಆಟ. ಹಾಸನದಲ್ಲಿ ಸೈಬರ್ ಕೆಫೆಗಳು ಇನ್ನೂ ಉಸಿರಾಡುತ್ತಿದ್ದ ಕಾಲದಲ್ಲಿ ನಮ್ಮ ವಯಸ್ಸಿನವರು ಇದನ್ನು ಆಡಿದ್ದು, ಕೈಯಿಂದ ಕೈಗೆ ಬಂದ ಗೀರುಬಿದ್ದ ಸಿಡಿಗಳಲ್ಲಿ. ಮಾಡಿದ್ದು ಗ್ರೇ ಮ್ಯಾಟರ್ ಇಂಟರಾಕ್ಟಿವ್. ಒಳಗೆ ಇರುವುದು ‘ಕ್ವೇಕ್ 3’ ಅನ್ನುವ ಇನ್ನೊಂದು ಆಟದ ಎಂಜಿನ್, ಅಂದರೆ ಆಟ ನಡೆಸುವ ಮೂಲ ಸಾಫ್ಟ್‌ವೇರ್. ಬ್ಲಾಸ್ಕೋವಿಚ್ ಅನ್ನುವ ಅಮೆರಿಕನ್ ಗೂಢಚಾರ ನಾಜಿಗಳ ಕೋಟೆಯಲ್ಲಿ ಸೆರೆ ಸಿಕ್ಕಿರುತ್ತಾನೆ. ಅಲ್ಲಿಂದ ತಪ್ಪಿಸಿಕೊಂಡು ಹೊರಬಂದರೆ, ನಾಜಿಗಳ ಒಂದು ವಿಭಾಗ ಹತ್ತನೇ ಶತಮಾನದ ಹೈನ್ರಿಕ್ ಅನ್ನುವ ಜರ್ಮನ್ ರಾಜನನ್ನು ಗೋರಿಯಿಂದ ಎಬ್ಬಿಸಲು ಹೊರಟಿದೆ ಅಂತ ಗೊತ್ತಾಗುತ್ತದೆ.

ಗೆಳೆಯ ನಗುವುದು ಇಲ್ಲೇ. ಆದರೆ ಈ ಹುಚ್ಚು ಆಟದವರು ಸುಮ್ನೆ ಹುಟ್ಟಿಸಿದ್ದಲ್ಲ. ಹಿಟ್ಲರನ ಎಸ್‌ಎಸ್ ಅನ್ನುವ ಪಡೆಯ ಮುಖ್ಯಸ್ಥ ಹಿಮ್ಲರ್‌ಗೆ ಒಂದನೇ ಹೈನ್ರಿಕ್ ಅಂದರೆ ಹುಚ್ಚು ಭಕ್ತಿ. ಆ ರಾಜ ಸತ್ತು ಸಾವಿರ ವರ್ಷ ಆಯಿತು ಅಂತ 1936ರಲ್ಲಿ ಕ್ವೆಡ್ಲಿನ್‌ಬುರ್ಗ್ ಊರಿನಲ್ಲಿ ದೊಡ್ಡ ಸಮಾರಂಭ ಮಾಡಿಸಿದ. ಅದಕ್ಕೂ ಮುಂಚೆ, 1935ರಲ್ಲಿ, ಆರ್ಯರ ಪೂರ್ವಜರ ಹಿರಿಮೆ ಹುಡುಕುವುದಕ್ಕೇ ‘ಅಹ್ನೆನೆರ್ಬೆ’ ಅನ್ನುವ ಸಂಸ್ಥೆ ಕಟ್ಟಿದ್ದ. ವೆವೆಲ್ಸ್‌ಬುರ್ಗ್ ಅನ್ನುವ ಹಳೇ ಕೋಟೆಯನ್ನು ಎಸ್‌ಎಸ್‌ನ ಪೀಠದ ಥರ ಮಾಡಿಕೊಂಡ. ಅದನ್ನು ಹೊಸದಾಗಿ ಕಟ್ಟಲು ಬಂಡೆ ಹೊತ್ತವರು ಸೆರೆಶಿಬಿರದ ಕೈದಿಗಳು, ಎಷ್ಟೋ ಜನ ಅಲ್ಲೇ ಸತ್ತರು. ಹೆಣ ಎಬ್ಬಿಸುವ ಭಾಗ ಒಂದು ಬಿಟ್ಟರೆ, ಇಂಥ ಜನ ನಿಜವಾಗಿಯೂ ಇದ್ದರು. ಆಟ ಮಾತ್ರ ಆ ಕೈದಿಗಳ ಹತ್ತಿರವೂ ಸುಳಿಯುವುದಿಲ್ಲ. ದೆವ್ವದ ಕಥೆ ಹೇಳುವ ನೆಪದಲ್ಲಿ ನಿಜವಾದ ಪಾಪದ ಪಕ್ಕದಿಂದ ಜಾರಿಕೊಳ್ಳುತ್ತದೆ. ಅದು ನನಗೆ ಇವತ್ತಿಗೂ ಇರುಸುಮುರುಸು.

ಇರಲಿ, ಆಟಕ್ಕೆ ಬರೋಣ. ಎರಡನೇ ಮಿಷನ್‌ನಲ್ಲಿ ಒಂದು ಹಳ್ಳಿ, ಒಂದು ಹಳೇ ಚರ್ಚು, ಅದರ ಕೆಳಗೆ ನೆಲಮಾಳಿಗೆಯ ಗೋರಿಗಳು ಬರುತ್ತವೆ. ಹಾಸನದವರಿಗೆ ಪಾಳು ಚರ್ಚು ಹೊಸದೇನಲ್ಲ. ಶೆಟ್ಟಿಹಳ್ಳಿಯಲ್ಲಿ ಹೇಮಾವತಿ ಹಿನ್ನೀರಿಗೆ ಮುಳುಗಿ ಏಳುವ ಚರ್ಚನ್ನು ಎಲ್ಲರೂ ನೋಡಿದ್ದೇವೆ, ಈಗಂತೂ ಮದುವೆ ಫೋಟೋದವರ ಜಾತ್ರೆ. ಆಟದ ಚರ್ಚಿನ ಕೆಳಗೆ ಇಳಿದಾಗ ಮೊದಲು ಕೇಳುವುದು ನಾಜಿಗಳ ಕಿರುಚಾಟ. ಗುಂಡಿನ ಸದ್ದು. ಅವರು ಹೊಡೆಯುತ್ತಿರುವುದು ನಮಗಲ್ಲ. ಗೋರಿಯಿಂದ ಎದ್ದುಬಂದವುಗಳು ಅವರನ್ನೇ ಅಟ್ಟಿಸಿಕೊಂಡು ಬಂದಿವೆ. ಇಷ್ಟು ಹೊತ್ತು ನಮ್ಮನ್ನು ಕೊಲ್ಲಲು ಬಂದವನು ನಮ್ಮ ಕಣ್ಣೆದುರು ಹೆದರಿ ಹಿಂದೆ ಸರಿಯುತ್ತಾನೆ. ಬಾಗಿಲ ಸಂದಿಯಲ್ಲಿ ನಿಂತು ಯಾರು ಗೆಲ್ಲುತ್ತಾರೋ ನೋಡೋಣ ಅಂತ ಕಾಯಬಹುದು. ನಾನು ಕಾದಿದ್ದೇನೆ. ನಾಜಿ ಗೆಲ್ಲಲಿ ಅಂತ ಬೇಡಿಕೊಂಡೂ ಇದ್ದೇನೆ, ದೇವರು ಕ್ಷಮಿಸಲಿ. ಕೆಲವು ಹೆಣಗಳ ಕೈಯಲ್ಲಿ ಗುರಾಣಿ ಬೇರೆ, ನಾವು ಬಿಟ್ಟ ಗುಂಡಿಗೆ ಅಡ್ಡ ಹಿಡಿಯುತ್ತವೆ. ಆಟದುದ್ದಕ್ಕೂ ನಂಬಿದ್ದ ಬಂದೂಕು ಅಲ್ಲಿ ಮೊದಲ ಸಲ ಕೈಕೊಡುತ್ತದೆ.

ನನ್ನ ವಾದ ಇಷ್ಟೇ. ಕೈಯಲ್ಲಿ ಬಂದೂಕಿದ್ದರೆ ಭಯ ನಿಲ್ಲುವುದಿಲ್ಲ. ಬಂದೂಕು ಕೊಟ್ಟ ಮೇಲೆ ಹೆದರಿಸಬೇಕು ಅಂದರೆ ಆಟ ಮಾಡುವವನು ಆ ಬಂದೂಕನ್ನು ಎಲ್ಲೋ ಒಂದು ಕಡೆ ದಂಡ ಮಾಡಬೇಕು. ಚರ್ಚಿನ ಕೆಳಗೆ ಇವರು ಅದನ್ನು ಮಾಡಿದರು, ಆಮೇಲೆ ಮರೆತರು. ಮುಂದೆ ಪ್ರಯೋಗಶಾಲೆಗಳಲ್ಲಿ ಕಾಲಿಲ್ಲದ ಜೀವಿಗಳು ಕೈಯೂರಿ ಹಾರಿ ಬರುತ್ತವೆ, ಲೋಹದ ಕವಚದ ದೈತ್ಯ ಸೈನಿಕರು ಬರುತ್ತಾರೆ. ಮೊದಲನೇದು ಬಂದಾಗ ಎದೆ ಧಸಕ್ ಅನ್ನುತ್ತದೆ. ಅಷ್ಟರಲ್ಲಿ ನಮ್ಮ ಕೈಗೂ ಕರೆಂಟು ಉಗುಳುವ ಟೆಸ್ಲಾ ಗನ್ನು, ಧಾರೆಯಾಗಿ ಗುಂಡು ಸುರಿಸುವ ವೆನಮ್ ಗನ್ನು ಬಂದಿರುತ್ತದೆ. ಕೊನೆಗೆ ಆ ಹೈನ್ರಿಕ್ ಮಹಾರಾಜನೇ ಎದ್ದು ಬಂದಾಗ ನನಗೆ ಬಂದದ್ದು ಆಕಳಿಕೆ. ಸಾವಿರ ವರ್ಷದ ಶಾಪ ಅಂತೆ. ಸುತ್ತ ಓಡುತ್ತಾ ಹೊಡೆದರೆ ಸಾಯುತ್ತಾನೆ. ನನ್ನ ಗೆಳೆಯನ ಅರ್ಧ ಸತ್ಯ ಇದೇ.

2008ರ ‘ಕಾಲ್ ಆಫ್ ಡ್ಯೂಟಿ: ವರ್ಲ್ಡ್ ಅಟ್ ವಾರ್’ನಲ್ಲಿ ನಾಜಿ ಜಾಂಬಿಗಳು ಬಂದವಲ್ಲ, ಅದು ಮಜಾ, ಗಲಾಟೆ, ನಾಲ್ಕು ಜನ ಸೇರಿ ಕಿರುಚುವುದು. ಭಯದ ಲೆಕ್ಕಕ್ಕೆ ಸೇರಿಸಲಾರೆ.

ಸರಿಯಾಗಿ ಮಾಡಿದವರು ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್. 2023ರ ‘ಅಮ್ನೀಶಿಯಾ: ದಿ ಬಂಕರ್’. ಮೊದಲ ಮಹಾಯುದ್ಧ, ಒಂದು ಬಂಕರು, ಒಬ್ಬನೇ ಫ್ರೆಂಚ್ ಸೈನಿಕ. ರಿವಾಲ್ವರ್ ಇದೆ, ಗುಂಡು ಬೆರಳೆಣಿಕೆ. ಹಾರಿಸಿದರೆ ಆ ಸದ್ದಿಗೇ ಗೋಡೆಯೊಳಗಿನ ಪ್ರಾಣಿ ಬರುತ್ತದೆ. ಟಾರ್ಚು ಬೆಳಗಬೇಕಾದರೆ ದಾರ ಎಳೆಯಬೇಕು, ಅದೂ ಗರಗರ ಅನ್ನುತ್ತದೆ. ಲೈಟು ಉರಿಯಬೇಕಾದರೆ ಜನರೇಟರ್‌ಗೆ ಎಣ್ಣೆ ಹುಡುಕಿ ತಂದು ಸುರಿಯುತ್ತಿರಬೇಕು. ಇದು ಯೂರೋಪಿನವರಿಗೆ ಹೇಗೋ ಏನೋ, ಆಷಾಢದಲ್ಲಿ ಕರೆಂಟು ಹೋಗಿ ದಿನಗಟ್ಟಲೆ ಬಾರದ ಸಕಲೇಶಪುರ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜನರೇಟರ್ ಸದ್ದು ಸಣ್ಣಗೆ ಏರುಪೇರಾದರೆ ನಮ್ಮ ಕಿವಿ ತಾನಾಗೇ ಆ ಕಡೆ ತಿರುಗುತ್ತದೆ.

ಸಕಲೇಶಪುರ ಅಂದ ಮೇಲೆ ಹೇಳಿಬಿಡುತ್ತೇನೆ, ತುಂಬಾ ದಿನದಿಂದ ತಲೆಯಲ್ಲಿದೆ. ಇಂಥ ಆಟಕ್ಕೆ ಮಂಜರಾಬಾದ್ ಕೋಟೆ. ಟಿಪ್ಪು ಕಟ್ಟಿಸಿದ್ದು, 1792ರಲ್ಲಿ ಮುಗಿದದ್ದು. ಮೇಲಿಂದ ನೋಡಿದರೆ ನಕ್ಷತ್ರ, ಎಂಟು ಮೂಲೆ, ಫ್ರೆಂಚರ ಮಾದರಿ. ನಡುವೆ ನೆಲದೊಳಗೆ ಸಿಡಿಮದ್ದಿನ ಕೋಣೆ, ಬೇಸಿಗೆಯಲ್ಲೂ ತಣ್ಣಗೆ. ಮಂಜು ಇಳಿದರೆ ಎದುರಿನ ಗೋಡೆ ಕಾಣಲ್ಲ. ಈಗ ಆ ಕಾಲದ ಬಂದೂಕು ನೆನಪಿಸಿಕೊಳ್ಳಿ. ಒಂದು ಗುಂಡು ಹಾರಿಸಿದರೆ ಮತ್ತೆ ಮದ್ದು ಸುರಿದು, ಗುಂಡು ಹಾಕಿ, ಉದ್ದನೆ ಸರಳಿನಿಂದ ಜಡಿಯಬೇಕು. ಕಾಡಿನ ಮಳೆಗೆ ಮದ್ದು ಒದ್ದೆಯಾದರೆ ಅದೂ ಇಲ್ಲ, ಬಂದೂಕು ಬರೀ ದೊಣ್ಣೆ. ಕೋಟೆ ಕಾಯುವ ನಾಲ್ಕು ಜನ ಸಿಪಾಯಿಗಳು, ಮುಂಗಾರು, ಕೆಳಗಿನ ಘಾಟಿಯಿಂದ ಏನೋ ಹತ್ತಿ ಬರುತ್ತಿದೆ. ಕಾಲಿಗೆ ಜಿಗಣೆ ಬೇರೆ. ಜರ್ಮನಿಗೆ ಹೋಗುವ ಕೆಲಸವೇ ಇಲ್ಲ, ಅಲ್ವಾ?

ಬೆಂಗಳೂರಿನಲ್ಲಿ ಗೇಮ್ ಮಾಡುವ ಹುಡುಗ ಹುಡುಗಿಯರು ಯಾರಾದರೂ ಇದನ್ನು ಓದುತ್ತಿದ್ದರೆ ಐಡಿಯಾ ಪುಕ್ಕಟೆ, ತಗೊಳ್ಳಿ. ಕೋಟೆ ತೋರಿಸಲು ನಾನೇ ಬರುತ್ತೇನೆ. ಕೊನೇ ಲೆವೆಲ್‌ನಲ್ಲಿ ಹೀರೋ ಕೈಗೆ ಮಿಷಿನ್ ಗನ್ ಮಾತ್ರ ಕೊಡಬೇಡಿ.