ಮೂವರು ಬೇಟೆಗಾರರು, ಒಂದು ನರಿ

ಡಿಸೆಂಬರ್ ಬಂತೆಂದರೆ ಯಾರಾದರೊಬ್ಬರು ವಾಟ್ಸಾಪಿನಲ್ಲಿ ಈ ಚಿತ್ರ ಕಳಿಸಿಯೇ ಕಳಿಸುತ್ತಾರೆ. ಹಿಮ, ಬೋಳು ಮರ, ದೂರದಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಇರುವೆಯಷ್ಟು ಜನ, ಕೆಳಗೊಂದು ಶುಭಾಶಯ. ಈಗಿನ ಬೆಲ್ಜಿಯಂ ಕಡೆಯ ಚಿತ್ರಕಾರ ಪೀಟರ್ ಬ್ರೂಗಲ್ 1565ರಲ್ಲಿ ಬರೆದ 'ಹಿಮದಲ್ಲಿ ಬೇಟೆಗಾರರು'. 'ಆಹಾ!' ಅಂತ ನಾನೂ ಹತ್ತಾರು ಜನಕ್ಕೆ ದಾಟಿಸಿದವನೇ. ಹೋದ ವಾರ ಜ್ವರ ಬಂದು ಮಲಗಿದ್ದಾಗ ಹೊತ್ತು ಹೋಗದೆ ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಶುಭಾಶಯದ ಚಿತ್ರ ಅಲ್ಲವೇ ಅಲ್ಲ ಇದು.

ಮೂವರು ಬೇಟೆಗಾರರು ನಮಗೆ ಬೆನ್ನು ಹಾಕಿ ನಡೆದಿದ್ದಾರೆ. ಮುಖ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಬಾಗಿದ ಬೆನ್ನೇ ಎಲ್ಲ ಹೇಳುತ್ತದೆ. ಒಬ್ಬನ ಹೆಗಲ ಕೋಲಿಗೆ ನರಿಯೊಂದು ಜೋತಾಡುತ್ತಿದೆ. ಅಷ್ಟೇ ಬೇಟೆ. ನಾಯಿಗಳೂ ಸೋತು ತಲೆ ತಗ್ಗಿಸಿವೆ. ಪಕ್ಕದ ಛತ್ರದ ಹೆಸರಿನ ಹಲಗೆ ಒಂದೇ ಕೊಂಡಿಗೆ ನೇತುಬಿದ್ದಿದೆ, ಸರಿಮಾಡುವ ಉಮೇದು ಯಾರಿಗೂ ಇದ್ದಂತಿಲ್ಲ. ಅದರ ಕೆಳಗೆ ಹಂದಿಯ ಕೂದಲು ಸುಡಲು ಬೆಂಕಿ ಹಾಕಿದ್ದಾರೆ, ಗಾಳಿಗೆ ಜ್ವಾಲೆ ಒಂದೇ ಕಡೆ ಎಳೆದುಕೊಂಡು ಹೋಗುತ್ತಿದೆ.

ಗುಡ್ಡದ ಕೆಳಗೆ ಗಿರಣಿಯ ಚಕ್ರ ಹೆಪ್ಪುಗಟ್ಟಿ ನಿಂತಿದೆ. ಸೇತುವೆಯ ಮೇಲೆ ಒಬ್ಬಾಕೆ ಸೌದೆ ಹೊರೆ ಹೊತ್ತು ಹೊರಟಿದ್ದಾಳೆ. ಇನ್ನೂ ದೂರದಲ್ಲಿ ಒಂದು ಮನೆಯ ಹೊಗೆಗೂಡಿಗೆ ಬೆಂಕಿ ಬಿದ್ದು ಜನ ಆರಿಸಲು ಓಡಾಡುತ್ತಿದ್ದಾರೆ. ಇದು ಕಣ್ಣಿಗೆ ಬೀಳಲು ನನಗೆ ಜ್ವರವೇ ಬರಬೇಕಾಯಿತು!

ನಾನು ಹಿಮ ಮುಟ್ಟಿದವನಲ್ಲ. ನನಗೆ ಚಳಿ ಅಂದರೆ ಧಾರವಾಡದ ಜನವರಿ ಬೆಳಗು, ಒಂದು ಸ್ವೆಟರಿನ ಚಳಿ. ಆದರೂ ಈ ಚಿತ್ರ ನೋಡಿದರೆ ಮೈ ನಡುಗುತ್ತದೆ, ಅದೂ ಬಿಳಿ ಬಣ್ಣದಿಂದಲ್ಲ. ಆಕಾಶಕ್ಕೂ ಹೆಪ್ಪುಗಟ್ಟಿದ ನೀರಿಗೂ ಬ್ರೂಗಲ್ ಒಂದೇ ಬೂದುಹಸಿರು ಬಳಿದಿದ್ದಾನೆ. ಮೇಲೆ ನೋಡಿದರೂ ಕೆಳಗೆ ನೋಡಿದರೂ ಅದೇ ಬಣ್ಣ, ಎಲ್ಲೂ ಬಿಸಿಲಿಲ್ಲ.

ಬಲಗಡೆಯ ಚೂಪು ಬೆಟ್ಟಗಳನ್ನು ಕಂಡು 'ಯಾವ ಊರಿದು?' ಅಂತ ಕೇಳುವವರಿದ್ದಾರೆ. ಬ್ರೂಗಲ್‌ನ ನಾಡು ಅಂಗೈಯಂತೆ ಸಪಾಟು. ಇಟಲಿಗೆ ಹೋಗಿಬರುವಾಗ ಆಲ್ಪ್ಸ್ ಕಂಡಿದ್ದ, ತಂದು ಇಲ್ಲಿಟ್ಟ.

ಬರೆಸಿದವನು ಯೋಂಗೆಲಿಂಕ್ ಎಂಬ ಆಂಟ್‌ವರ್ಪ್‌ನ ಸಾಹುಕಾರ, ತನ್ನ ಮನೆಗೆಂದು ವರ್ಷದ ಋತುಮಾನಗಳ ಸರಣಿ ಮಾಡಿಸಿದ. ಉಳಿದಿರುವುದು ಐದೇ, ಇದೂ ಸೇರಿ ಮೂರು ವಿಯೆನ್ನಾದಲ್ಲಿವೆ. ಬೆಚ್ಚಗೆ ಕೂತು ಈ ಚಳಿ ನೋಡಿದ ಮೊದಲಿಗ ಅವನೇ ಇರಬೇಕು. ನಾನಂತೂ ರಗ್ಗಿನೊಳಗಿದ್ದೆ.

ಮನೆಯಾಕೆಗೆ ತೋರಿಸಿದೆ. ಬಹಳ ಹೊತ್ತು ನೋಡಿ, 'ಮೂರ್ ಮಂದಿಗೆ ಒಂದ ನರಿ. ನರಿ ತಿಂತಾರೇನ್ರೀ ಅಲ್ಲೆ?' ಅಂದಳು.

'ತೊಗಲಿಗಿರಬೇಕು' ಅಂದೆ.

'ಹಂಗಾರ ಇವತ್ತು ಉಪವಾಸನ' ಅಂತ ಫೋನ್ ವಾಪಸ್ ಕೊಟ್ಟಳು.