ನಾಯಿಗೆ ಕಲ್ಲು ಹೊಡೆದರೆ 75,000 ದಂಡವೇ? ಸತ್ಯಾಂಶ ಇಲ್ಲಿದೆ

‘ಹೊಸ ಕಾನೂನು ಬಂದಿದೆ, ಬೀದಿ ನಾಯಿಗೆ ಕಲ್ಲು ಹೊಡೆದರೂ 75,000 ರೂಪಾಯಿ ದಂಡ, 5 ವರ್ಷ ಜೈಲು’ ಅಂತ ಒಂದು ಮೆಸೇಜು ವಾಟ್ಸಾಪಿನಲ್ಲಿ ಓಡಾಡುತ್ತಿರುತ್ತದೆ. ಅಂಥ ಕಾನೂನು ಬಂದಿಲ್ಲ.

ಹಾಗಂತ ಈ ಅಂಕಿಗಳನ್ನು ಯಾರೋ ಸುಮ್ನೆ ಕಟ್ಟಿದ್ದೂ ಅಲ್ಲ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ತಿದ್ದುಪಡಿಗೆ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತ್ತು. ಘೋರ ಹಿಂಸೆಗೆ 75,000ದವರೆಗೆ ದಂಡ, ಕೊಂದರೆ 5 ವರ್ಷದವರೆಗೆ ಜೈಲು ಎಂದು ಅದರಲ್ಲಿತ್ತು. ಆ ಕರಡು ಸಂಸತ್ತಿನಲ್ಲಿ ಪಾಸಾಗಿಲ್ಲ.

ಈಗಲೂ ನಡೆಯುತ್ತಿರುವುದು 1960ರ ಕಾಯ್ದೆಯೇ. ಅದರ 11ನೇ ಸೆಕ್ಷನ್ ಪ್ರಕಾರ ಮೊದಲ ತಪ್ಪಿಗೆ 10ರಿಂದ 50 ರೂಪಾಯಿ ದಂಡ. ಹೌದು, ಐವತ್ತೇ! ಬೆಂಗಳೂರಿನಲ್ಲಿ ಒಂದು ಮಸಾಲೆ ದೋಸೆಗೂ ಸಾಲದ ದುಡ್ಡು. 3 ವರ್ಷದೊಳಗೆ ಮತ್ತೆ ಮಾಡಿದರೆ 25ರಿಂದ 100 ರೂಪಾಯಿ, ಇಲ್ಲವೇ 3 ತಿಂಗಳವರೆಗೆ ಜೈಲು, ಅಥವಾ ಎರಡೂ.

ಇದನ್ನು ಬದಲಿಸಿ ಅಂತ ಪ್ರಾಣಿ ರಕ್ಷಣಾ ಸಂಘಟನೆಗಳ ರಾಷ್ಟ್ರಮಟ್ಟದ ಒಕ್ಕೂಟ ಫಿಯಾಪೊ ವರ್ಷಗಳಿಂದ ಕೇಳುತ್ತಿದೆ. ಅದು ಸರ್ಕಾರಿ ಸಂಸ್ಥೆಯಲ್ಲ, ದಂಡ ಹಾಕುವ ಅಧಿಕಾರ ಅದಕ್ಕಿಲ್ಲ.

ಆದರೆ ಪ್ರಾಣಿಯನ್ನು ಕೊಂದವರು ಐವತ್ತು ರೂಪಾಯಿ ಕೊಟ್ಟು ಮನೆಗೆ ಹೋಗಬಹುದು ಅಂತಲೂ ಅಲ್ಲ. ಬೇಕಂತಲೇ ವಿಷ ಹಾಕಿ ಕೊಂದರೆ, ಕಾಲು ಮುರಿದು ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ. 5 ವರ್ಷದವರೆಗೆ ಜೈಲಾಗಬಹುದು. ಸ್ಟೇಷನ್‌ನಲ್ಲಿ ದೂರು ಕೊಡುವಾಗ ಎಫ್‌ಐಆರ್‌ನಲ್ಲಿ ಈ ಸೆಕ್ಷನ್ನೂ ಸೇರಿಸಿ ಎಂದು ಕೇಳಿ.