ಐದೂವರೆ ಗಂಟೆಯ ಜಗಳ

ಕಂಪ್ಯೂಟರಿನಲ್ಲಿ ಗಡಿಯಾರ ಒಂದಲ್ಲ, ಎರಡು. ಮದರ್‌ಬೋರ್ಡಿನ ಮೇಲೆ ಸಿಆರ್2032 ಸೆಲ್ಲಿನ 3 ವೋಲ್ಟನ್ನೇ ನಂಬಿಕೊಂಡು ಕರೆಂಟು ಹೋದಾಗಲೂ ಓಡುವ ಆರ್‌ಟಿಸಿ (ರಿಯಲ್ ಟೈಮ್ ಕ್ಲಾಕ್) ಒಂದು. ಆಪರೇಟಿಂಗ್ ಸಿಸ್ಟಮ್ ತನ್ನೊಳಗೇ ಎಣಿಸಿಕೊಳ್ಳುವ ಸಮಯ ಇನ್ನೊಂದು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಎದ್ದ ಕೂಡಲೇ ಆರ್‌ಟಿಸಿಯನ್ನು ‘ಟೈಮೆಷ್ಟಪ್ಪಾ?’ ಎಂದು ಒಮ್ಮೆ ಕೇಳುತ್ತದೆ. ಆಮೇಲೆ ತನ್ನ ಲೆಕ್ಕ ತನಗೆ. ಆ ಒಂದು ಸಲ ಆರ್‌ಟಿಸಿ ವರ್ಷಗಟ್ಟಲೆ ಹಳೆಯ ತಾರೀಖು ಹೇಳಿತೋ, ಬ್ರೌಸರು ಸೈಟುಗಳ ಗುರುತಿನ ಚೀಟಿಯಾದ ಸರ್ಟಿಫಿಕೇಟನ್ನೂ ‘ಇದಿನ್ನೂ ಚಾಲ್ತಿಗೆ ಬಂದಿಲ್ಲ’ ಎಂದು ತಳ್ಳಿಹಾಕುತ್ತದೆ. ನೆಟ್‌ನಿಂದ ಸರಿಯಾದ ಸಮಯ ತರುವ ಎನ್‌ಟಿಪಿ ಬಂದು ತಿದ್ದಬಹುದು, ನಿಜ. ಆದರೆ ಅದಕ್ಕೆ ಇಂಟರ್ನೆಟ್ ಬೇಕು, ಹೋಟೆಲಿನ ಇಂಟರ್ನೆಟ್ಟಿಗೆ ವೈಫೈ ಲಾಗಿನ್ ಪುಟ ತೆರೆಯಬೇಕು, ಆ ಪುಟ ತೆರೆಯಲು ಸಮಯ ಸರಿಯಿರಬೇಕು.

ಎಷ್ಟು ತಪ್ಪಿದೆ ಎಂಬುದರಲ್ಲೇ ಕಳ್ಳನ ಸುಳಿವಿದೆ. ಕೆಲವು ನಿಮಿಷವಾದರೆ ಆರ್‌ಟಿಸಿಗೆ ತಾಳ ಹಾಕುವ ಕ್ರಿಸ್ಟಲ್. ಸೆಕೆಂಡಿಗೆ 32,768 ಸಲ ಮಿಡಿಯಬೇಕಾದದ್ದು ಹತ್ತು ಲಕ್ಷಕ್ಕೆ 20ರಷ್ಟು ತಪ್ಪಿದರೂ ತಿಂಗಳಿಗೆ 50 ಸೆಕೆಂಡು ಚಿಲ್ಲರೆ, ಕ್ಷಮಿಸಿಬಿಡಿ. ವರ್ಷಗಟ್ಟಲೆ ಹಿಂದಿದ್ದರೆ ಸೆಲ್ ಸತ್ತಿದೆ. ಕರಾರುವಾಕ್ಕಾಗಿ ಐದೂವರೆ ಗಂಟೆ ತಪ್ಪಿದ್ದರೆ ಯಾವುದೂ ಕೆಟ್ಟಿಲ್ಲ, ಒಂದೇ ಡಿಸ್ಕಿನಲ್ಲಿ ವಿಂಡೋಸ್ ಮತ್ತು ಲಿನಕ್ಸ್ ಸಂಸಾರ ಮಾಡುತ್ತಿವೆ.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ. ಲಿನಕ್ಸ್ ಆರ್‌ಟಿಸಿಯಲ್ಲಿ ಯುಟಿಸಿ, ಅಂದರೆ ಭಾರತಕ್ಕಿಂತ 5:30 ಹಿಂದಿರುವ ಜಾಗತಿಕ ಸಮಯ, ಬರೆದಿಡುತ್ತದೆ. ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದಿ 5:30 ಹಿಂದೆ ತೋರಿಸುತ್ತದೆ. ಆಮೇಲೆ ನೆಟ್‌ನಿಂದ ಸರಿಮಾಡಿಕೊಂಡು ಸ್ಥಳೀಯ ಸಮಯವನ್ನೇ ಆರ್‌ಟಿಸಿಗೆ ಬರೆಯುತ್ತದೆ. ಮತ್ತೆ ಲಿನಕ್ಸಿಗೆ ಬಂದರೆ 5:30 ಮುಂದೆ. ಹೊಸ ಸೆಲ್ ಹಾಕಿದರೂ ಜಗಳ ನಿಲ್ಲದು. ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಟೈಮ್‌ಝೋನ್‌ಇನ್ಫರ್ಮೇಶನ್ ಕೀಯಡಿ ‘ರಿಯಲ್‌ಟೈಮ್‌ಈಸ್‌ಯೂನಿವರ್ಸಲ್’ ಎಂಬ ಡಿ-ವರ್ಡ್ (ಸಂಖ್ಯೆ ಹಿಡಿಯುವ ನಮೂದು) ಸೇರಿಸಿ 1 ಕೊಟ್ಟರೆ ಅದೂ ಯುಟಿಸಿಗೆ ಒಗ್ಗುತ್ತದೆ. ಲಿನಕ್ಸನ್ನೇ ಬಗ್ಗಿಸುವ ದಾರಿಯೂ ಉಂಟು: ಅದರ ಸಮಯ ನೋಡಿಕೊಳ್ಳುವ ಕಮಾಂಡ್ ಟೈಮ್‌ಡೇಟ್‌ಸಿಟಿಎಲ್‌ಗೆ ‘ಸೆಟ್-ಲೋಕಲ್-ಆರ್‌ಟಿಸಿ 1’ ಅನ್ನಬೇಕು. ಅದು ಗೊಣಗುತ್ತಲೇ ಒಪ್ಪುತ್ತದೆ. ಗೊಣಗುವುದರಲ್ಲಿ ನ್ಯಾಯವಿದೆ.

ಆರ್‌ಟಿಸಿ ಯುಟಿಸಿಯಲ್ಲಿದ್ದಾಗ ಬರಿಯ ಟೈಮ್‌ಡೇಟ್‌ಸಿಟಿಎಲ್ ಓಡಿಸಿದರೆ ‘ಆರ್‌ಟಿಸಿ ಟೈಮ್’ ಸಾಲು ಗೋಡೆ ಗಡಿಯಾರಕ್ಕಿಂತ 5:30 ಹಿಂದಿರುತ್ತದೆ. ಅಲ್ಲೇ ಅದು ಸರಿಯಿರುವುದು. ಅದನ್ನು ಕಂಡು ಕನಿಕರಪಟ್ಟು ಮದರ್‌ಬೋರ್ಡಿನ ಸೆಟ್ಟಿಂಗು ಪುಟವಾದ ಬಯಾಸ್‌ಗೆ ಹೋಗಿ ‘ಸರಿಪಡಿಸಿದವರು’ ಮುಂದಿನ ಬೂಟಿನಲ್ಲಿ ಬೆಳಗಿನ ತಿಂಡಿ ಹೊತ್ತಿಗೆ ಮಧ್ಯಾಹ್ನದ ಊಟದ ಸಮಯ ನೋಡುತ್ತಾರೆ.

ನಿಜಕ್ಕೂ ಆರ್‌ಟಿಸಿಯಿಂದಲೇ ಸಿಸ್ಟಮಿಗೆ ಸಮಯ ತರಬೇಕಾದದ್ದು ನೆಟ್ ಇಲ್ಲದ ಯಂತ್ರದಲ್ಲಿ. ಮೊದಲು ‘ಡೇಟ್’, ಆಮೇಲೆ ‘ಸುಡೊ ಎಚ್‌ಡಬ್ಲ್ಯುಕ್ಲಾಕ್ --ಶೋ’ ಓಡಿಸಿ ಎರಡರ ಮುಖವನ್ನೂ ನೋಡಿ. ಈ ಶೋ ಯುಟಿಸಿಯನ್ನೂ ಸ್ಥಳೀಯ ಸಮಯಕ್ಕೆ ತಿರುಗಿಸಿಯೇ ತೋರಿಸುತ್ತದೆ. ಅಲ್ಲೂ ಐದೂವರೆ ಗಂಟೆ ವ್ಯತ್ಯಾಸ ಕಂಡರೆ /ಇಟಿಸಿ/ಅಡ್ಜ್‌ಟೈಮ್ ಫೈಲಿನ ಮೂರನೇ ಸಾಲಿನಲ್ಲಿ ಯುಟಿಸಿ ಎಂದಿದೆಯೋ ಲೋಕಲ್ ಎಂದಿದೆಯೋ ನೋಡಿ. ಆರ್‌ಟಿಸಿಯೇ ಸರಿ ಎಂದಾದರೆ ಎಚ್‌ಡಬ್ಲ್ಯುಕ್ಲಾಕ್‌ಗೆ ‘--ಎಚ್‌ಸಿಟುಸಿಸ್’ (ಆರ್‌ಟಿಸಿಯಿಂದ ಸಿಸ್ಟಮಿಗೆ). ಸಿಸ್ಟಮ್ ಸರಿ, ಆರ್‌ಟಿಸಿ ತಪ್ಪು ಎಂದಾದರೆ ‘--ಸಿಸ್‌ಟುಎಚ್‌ಸಿ’ (ಸಿಸ್ಟಮಿನಿಂದ ಆರ್‌ಟಿಸಿಗೆ). ಹೆಸರಿಟ್ಟ ಪುಣ್ಯಾತ್ಮರಿಗೆ ಅರ್ಧರಾತ್ರಿ ರಿಪೇರಿ ಮಾಡುವವರ ಕಣ್ಣಿನ ಅಂದಾಜಿರಲಿಲ್ಲ. ಅದಲುಬದಲಾದರೆ ಸರಿಯಿದ್ದ ಒಂದೇ ಗಡಿಯಾರವೂ ಕೆಟ್ಟಿತು. ಗಡಿಯಾರ ಹಿಂದೆ ಹೋಗಿದ್ದರೆ, ಪ್ರೋಗ್ರಾಂ ಕಟ್ಟುವ ‘ಮೇಕ್’ ಓಡಿಸಿದಾಗ ಅದು ನೀವು ಈಗಷ್ಟೇ ಉಳಿಸಿದ ಫೈಲನ್ನು ಭವಿಷ್ಯದಿಂದ ಬಂದದ್ದು ಎನ್ನುತ್ತದೆ.

ಸೆಲ್ ಬದಲಿಸುವವರು ಮೊದಲು ಬಯಾಸ್ ಪುಟಗಳ ಫೋಟೊ ತೆಗೆದುಕೊಳ್ಳಿ. ಹಳೆಯ ಬೋರ್ಡುಗಳಲ್ಲಿ ಸೆಲ್ ತೆಗೆದರೆ ಸೆಟ್ಟಿಂಗೂ ಹೋಗುತ್ತದೆ. ಡಿಸ್ಕಿನೊಡನೆ ಮಾತಾಡುವ ರೀತಿ ಹೇಳುವ ಸಾಟಾ ಮೋಡ್ ರೇಡ್‌ನಿಂದ ಎಎಚ್‌ಸಿಐಗೆ ಹಾರಿದರೆ ವಿಂಡೋಸ್ ಏಳುವುದೇ ಇಲ್ಲ, ಬೈಗುಳ ತಿನ್ನುವುದು ಪಾಪದ ಹೊಸ ಸೆಲ್. ಪವರ್ ಕಾರ್ಡ್ ಕಿತ್ತು, ಪ್ಲಸ್ ಗುರುತು ಮೇಲೆ ಬರುವಂತೆ ಕೂರಿಸಿ.

ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿನಲ್ಲಿ ಈ ತಕರಾರೇ ಇಲ್ಲ, 4ರವರೆಗಿನ ಬೋರ್ಡುಗಳಲ್ಲಿ ಆರ್‌ಟಿಸಿಯೇ ಇಲ್ಲವಲ್ಲ. ಬದಲಿಗೆ ಫೇಕ್-ಎಚ್‌ಡಬ್ಲ್ಯುಕ್ಲಾಕ್ ಎಂಬ ಪ್ರಾಮಾಣಿಕ ಹೆಸರಿನ ಪ್ರೋಗ್ರಾಂ ಆಫ್ ಆಗುವಾಗಿನ ಸಮಯವನ್ನು ಫೈಲಿಗೆ ಬರೆದಿಟ್ಟು, ಎದ್ದಾಗ ಅಲ್ಲಿಂದಲೇ ಮುಂದುವರಿಸುತ್ತದೆ. ದಸರೆಗೆ ಆಫ್ ಮಾಡಿ ಬೀರುವಿನಲ್ಲಿಟ್ಟದ್ದು ಯುಗಾದಿಗೆ ಎದ್ದರೂ ಇನ್ನೂ ದಸರೆಯಲ್ಲೇ ಇರುತ್ತದೆ. ಬೇಜಾರಾದರೆ ಡಿಎಸ್3231 ಎಂಬ ಆರ್‌ಟಿಸಿ ಮಾಡ್ಯೂಲ್ ಸಿಕ್ಕಿಸಿ, ವರ್ಷಕ್ಕೆ ಹೆಚ್ಚೆಂದರೆ ನಿಮಿಷದ ತಪ್ಪು. ಫೇಕನ್ನು ಮಾತ್ರ ಮರೆಯದೆ ಅನ್‌ಇನ್‌ಸ್ಟಾಲ್ ಮಾಡಿ.